ಅಕ್ಕನ ಎಕ್ಸ್‌ಪ್ಯಾಂಡರ್ ಜಾಗ ಕೆಂಪಾಗಿದೆ, ಶುಗರ್ ಬೇರೆ ಇದೆ. ಉಳಿಸೋದಾ, ತೆಗೆಸೋದಾ?

ಮಲೆನಾಡ ಹುಡುಗಿ · ಶಿವಮೊಗ್ಗ · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಅಕ್ಕನ ವಿಷಯವಾಗಿ ಕೇಳುತ್ತಿದ್ದೇನೆ. ವಯಸ್ಸು 48. ಶುಗರ್ ಇದೆ, ಮೈ ಸ್ವಲ್ಪ ದಪ್ಪ. ಎಡ ಸ್ತನದಲ್ಲಿ ಕ್ಯಾನ್ಸರ್. ಕೀಮೋ ಮುಗಿಸಿಕೊಂಡು ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದೆವು. ಸ್ತನ ತೆಗೆದು ಅದೇ ದಿನ ಒಳಗೆ ಎಕ್ಸ್‌ಪ್ಯಾಂಡರ್ (ಚರ್ಮ ಹಿಗ್ಗಿಸಲು ಇಡುವ ಸಿಲಿಕೋನ್ ಚೀಲ) ಇಟ್ಟಿದ್ದಾರೆ. ಗಾಯ ಮಾಗಿದ ಮೇಲೆ ಕರೆಂಟ್ (ರೇಡಿಯೇಷನ್) ಕೊಡಬೇಕು, ಅದೆಲ್ಲ ಆದ ಮೇಲೆ ಸಿಲಿಕೋನ್ ಇಂಪ್ಲಾಂಟ್ ಅಂತ ಹೇಳಿದ್ದರು.

ಈಗ ನಾಲ್ಕನೇ ವಾರ. ಗಾಯದೊಳಗಿನ ನೀರು ಹೊರಗೆ ಹರಿಯಲು ಇಟ್ಟ ಪೈಪು, ಅಂದರೆ ಡ್ರೇನ್, ಒಂದು ತೆಗೆದಿದ್ದಾರೆ, ಇನ್ನೊಂದು ಇದೆ. ನಿನ್ನೆ ಸಂಜೆ ಡ್ರೆಸ್ಸಿಂಗ್ ಬದಲಾಯಿಸುವಾಗ ನೋಡಿದರೆ ಹೊಲಿಗೆಯ ಕೆಳಗೆ ಅಂಗೈ ಅಗಲ ಕೆಂಪು. ತಿಳಿ ಹಳದಿ ಇದ್ದ ಡ್ರೇನ್ ನೀರು ಮಬ್ಬಾಗಿದೆ. ದಿನಕ್ಕೆ 30 ಎಂಎಲ್‌ಗೆ ಇಳಿದಿದ್ದದ್ದು ಮತ್ತೆ 70 ಆಗಿದೆ. ಜ್ವರ 99.8. ಬೆಳಗಿನ ಶುಗರ್ 240, ಯಾವತ್ತೂ ಇಷ್ಟು ಬರುತ್ತಿರಲಿಲ್ಲ. ಆದರೆ ಅಕ್ಕನಿಗೆ ನೋವೇ ಇಲ್ಲ. ಹಾಗಾಗಿ ಸೋಮವಾರ ಹೋದರಾಯಿತು ಅಂತಿದ್ದಾಳೆ.

ಅವಳ ಹೆದರಿಕೆ ಬೇರೆ. ಆಸ್ಪತ್ರೆಗೆ ಫೋನ್ ಮಾಡಿದಾಗ 'ತೆಗೆಯಬೇಕಾಗಿ ಬರಬಹುದು' ಅಂದರು. ಅಲ್ಲಿಂದ ಸರಿಯಾಗಿ ಮಾತೇ ಆಡುತ್ತಿಲ್ಲ. ಆ್ಯಂಟಿಬಯೋಟಿಕ್‌ನಲ್ಲೇ ವಾಸಿಯಾಗಲ್ವಾ? ಯಾರಿಗಾದರೂ ಹೀಗಾಗಿ ಇಂಪ್ಲಾಂಟ್ ಉಳಿದಿದೆಯಾ?

ಕಷಾಯಪ್ರಿಯ · ತುಮಕೂರು

ಗಾಬರಿ ಬೇಡ ತಂಗಿ. ಅರಿಶಿನ, ಬೇವಿನೆಣ್ಣೆ ಕಲಸಿ ಹಚ್ಚಿ, ಬಿಸಿನೀರಿನ ಚೀಲದಲ್ಲಿ ಶಾಖ ಕೊಡಿ. ಎರಡು ದಿನದಲ್ಲಿ ಕೆಂಪು ಇಳಿಯುತ್ತೆ. ಮನೆಯಲ್ಲಿ ಆ್ಯಂಟಿಬಯೋಟಿಕ್ ಮಾತ್ರೆ ಉಳಿದಿದ್ದರೆ ಅದನ್ನೂ ಶುರು ಮಾಡಿ. ಈಗಿನ ಡಾಕ್ಟರುಗಳು ಎಲ್ಲದಕ್ಕೂ ಅಡ್ಮಿಟ್ ಅಂತಾರೆ.

ಡ್ರೆಸ್ಸಿಂಗ್ ರೂಮ್ · ಮೈಸೂರು

ದಯವಿಟ್ಟು ಮೇಲೆ ಹೇಳಿದ್ದರಲ್ಲಿ ಒಂದನ್ನೂ ಮಾಡಬೇಡಿ. ನಾನು ಸರ್ಜಿಕಲ್ ವಾರ್ಡಿನಲ್ಲಿ ನರ್ಸ್. ಸ್ತನ ತೆಗೆಯುವಾಗ ಆ ಚರ್ಮಕ್ಕೆ ಹೋಗುವ ನರಗಳು ತುಂಡಾಗುತ್ತವೆ. ಅಲ್ಲಿ ಬಿಸಿ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲ ಇಟ್ಟುಕೊಂಡು ಬೊಬ್ಬೆ ಎದ್ದು ಬಂದವರನ್ನು ನಾನೇ ಡ್ರೆಸ್ ಮಾಡಿದ್ದೇನೆ. ಸುಟ್ಟಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅಕ್ಕನಿಗೆ ನೋವಿಲ್ಲ ಅನ್ನುವುದಕ್ಕೂ ಕಾರಣ ಅದೇ ಇರಬಹುದು. ನೋವಿಲ್ಲ ಅಂದ ಮಾತ್ರಕ್ಕೆ ಸೋಂಕಿಲ್ಲ ಅಂತಲ್ಲ.

ಉಳಿದ ಮಾತ್ರೆಯ ವಿಷಯ. ಯಾವ ಕ್ರಿಮಿ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಸ್ಯಾಂಪಲ್ ತೆಗೆಯುವ ಮೊದಲೇ ಯಾವುದೋ ಮಾತ್ರೆ ನುಂಗಿಬಿಟ್ಟರೆ ಕ್ರಿಮಿ ಬೆಳೆಯದೆ ಹೋಗಬಹುದು. ಆಮೇಲೆ ಯಾವ ಔಷಧಿ ಕೊಡಬೇಕು ಅಂತ ಊಹೆಯ ಮೇಲೆ ನಡೆಯಬೇಕಾಗುತ್ತೆ.

ಮಬ್ಬು ಡ್ರೇನ್, ಇಳಿದಿದ್ದ ಎಂಎಲ್ ಮತ್ತೆ ಏರಿದ್ದು, ಕಾರಣವಿಲ್ಲದೆ ಶುಗರ್ 240. ಈ ಮೂರೂ ಒಟ್ಟಿಗೆ ಇದ್ದರೆ ಸೋಮವಾರಕ್ಕೆ ಕಾಯುವ ಮಾತೇ ಇಲ್ಲ. ಎಷ್ಟೋ ಸಲ ಶುಗರ್ ಇರುವವರಲ್ಲಿ ಜ್ವರಕ್ಕಿಂತ ಮೊದಲು ಗ್ಲುಕೋಮೀಟರ್ ಹೇಳಿಬಿಡುತ್ತೆ. ಪ್ಯಾರಾಸಿಟಮಾಲ್ ಕೊಡುತ್ತಿದ್ದೀರಾ? ಕೊಡುತ್ತಿದ್ದರೆ ಆ 99.8 ಅನ್ನು ನಂಬಬೇಡಿ.

ಇವತ್ತೇ ಹೊರಡಿ. ಹೊರಡುವ ಮುಂಚೆ ಬಾಲ್‌ಪೆನ್ನಿನಲ್ಲಿ ಕೆಂಪಿನ ಅಂಚಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದು, ಒಂದು ಫೋಟೋ ತೆಗೆದುಕೊಳ್ಳಿ. ಕೆಂಪು ಗೆರೆ ದಾಟಿತೋ, ಒಳಗೆ ಸರಿಯಿತೋ ಅನ್ನುವುದು ಡಾಕ್ಟರಿಗೆ ತುಂಬಾ ಬೇಕು. ಡ್ರೇನ್ ಬರೆದಿಟ್ಟ ಪುಸ್ತಕ, ಡಿಸ್ಚಾರ್ಜ್ ಕಾಗದ, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಯ ಹಾಳೆ, ಇವಿಷ್ಟು ಚೀಲದಲ್ಲಿರಲಿ. ಡ್ರೇನ್ ತುದಿಯ ಬಲ್ಬ್ ಖಾಲಿ ಮಾಡಿ ಒತ್ತಿ ಮುಚ್ಚಿ. ನಲ್ಲಿ ನೀರಿನಲ್ಲಿ ಡ್ರೇನ್ ಬಾಯಿ ತೊಳೆಯಬೇಡಿ.

ಮಲೆನಾಡ ಹುಡುಗಿ

ಪ್ಯಾರಾಸಿಟಮಾಲ್ ಕೊಟ್ಟಿದ್ದೆ ಅಕ್ಕಾ, ರಾತ್ರಿ ಒಂದು, ಬೆಳಿಗ್ಗೆ ಒಂದು. ಟ್ಯಾಕ್ಸಿಗೆ ಹೇಳಿದೆ. ಹೊರಡ್ತಿದ್ದೇವೆ.

ಹೊಲಿಗೆ ಡಾಕ್ಟ್ರು · ಹುಬ್ಬಳ್ಳಿ

ನಾನು ಪ್ಲಾಸ್ಟಿಕ್ ಸರ್ಜನ್. ಕಣ್ಣಾರೆ ನೋಡದೆ ನಿಮ್ಮ ಅಕ್ಕನಿಗೆ ಹೀಗೇ ಮಾಡಿ ಅಂತ ಹೇಳಲಾರೆ. ಆದರೆ ಅಲ್ಲಿ ಹೋದಾಗ ಏನು ನಡೆಯುತ್ತೆ, ಯಾಕೆ ನಡೆಯುತ್ತೆ ಅಂತ ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತೆ. ದಾರಿಯಲ್ಲಿ ಓದಿಕೊಳ್ಳಿ.

ಮೊದಲು, ಇದು ಅಪರೂಪದ ತೊಂದರೆ ಅಲ್ಲ. ಇಂಪ್ಲಾಂಟ್ ಇಟ್ಟು ಸ್ತನ ಕಟ್ಟಿದವರಲ್ಲಿ ಸೋಂಕು ಆಗುವ ಪ್ರಮಾಣ ಬೇರೆ ಬೇರೆ ವರದಿಗಳಲ್ಲಿ ಬೇರೆ ಬೇರೆ ಇದೆ. ಶುಗರ್, ತೂಕ, ತಂಬಾಕು, ರೇಡಿಯೇಷನ್ ಇದ್ದವರಲ್ಲಿ ಜಾಸ್ತಿ. ಹೊಲಿಗೆಯ ಅಂಚಿನ ಚರ್ಮ ಕಪ್ಪಾಗಿದ್ದರೆ, ಒಳಗೆ ನೀರು ಕಟ್ಟಿದ್ದರೆ ಇನ್ನೂ ಜಾಸ್ತಿ. ಆಪರೇಷನ್ ಆಗಿ ತಿಂಗಳ ಮೇಲೂ ಬರಬಹುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸ್ತನದ ಸರ್ಜರಿಗೆ 90 ದಿನ ಸೋಂಕಿನ ನಿಗಾ ಇಡುವುದು ಅದಕ್ಕೇ.

ಆ್ಯಂಟಿಬಯೋಟಿಕ್‌ನಲ್ಲೇ ವಾಸಿಯಾಗಲ್ವಾ ಅಂತ ಕೇಳಿದಿರಿ. ಸೋಂಕು ಬರೀ ಚರ್ಮದಲ್ಲಿದ್ದರೆ ಎಷ್ಟೋ ಸಲ ಆಗುತ್ತೆ. ಒಳಗಿನ ಸಾಧನಕ್ಕೆ ಹತ್ತಿದ್ದರೆ ಕಷ್ಟ. ನೀರಿನ ತೊಟ್ಟಿಯ ಗೋಡೆಗೆ ಪಾಚಿ ಹಿಡಿಯುತ್ತಲ್ಲ, ಹಾಗೆ ಕ್ರಿಮಿಗಳು ಸಿಲಿಕೋನ್ ಮೇಲೆ ಅಂಟಿನ ಪದರ ಕಟ್ಟಿಕೊಂಡು ಕೂರುತ್ತವೆ. ಇದಕ್ಕೆ ಬಯೋಫಿಲ್ಮ್ ಅಂತಾರೆ. ಸಿಲಿಕೋನ್‌ಗೆ ರಕ್ತನಾಳ ಇಲ್ಲ. ಔಷಧಿ ರಕ್ತದಲ್ಲಿ ಎಷ್ಟೇ ಇದ್ದರೂ ಆ ಪದರದ ಒಳಗೆ ಸಾಕಷ್ಟು ಹೋಗುವುದಿಲ್ಲ. ಅದಕ್ಕೇ ಇಂಜೆಕ್ಷನ್ ನಡೆಯುವಾಗ ಕೆಂಪು ಇಳಿದು, ನಿಲ್ಲಿಸಿದ ಮೇಲೆ ಮತ್ತೆ ಏಳುವುದು.

ಅಲ್ಲಿ ಹೋದ ತಕ್ಷಣ ರಕ್ತ ತೆಗೆಯುತ್ತಾರೆ. ಬಿಳಿ ರಕ್ತಕಣ, ಸಿಆರ್‌ಪಿ (ಉರಿಯೂತದ ಗುರುತು), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ), ಜ್ವರವಿದ್ದರೆ ರಕ್ತದ ಕಲ್ಚರ್. ಅಲ್ಟ್ರಾಸೌಂಡ್ ಮಾಡಿ ಎಕ್ಸ್‌ಪ್ಯಾಂಡರ್ ಸುತ್ತ ನೀರು ಕಟ್ಟಿದೆಯಾ ನೋಡುತ್ತಾರೆ. ಇದ್ದರೆ ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕಿ ತೆಗೆಯಬೇಕು, ಕುರುಡಾಗಿ ಚುಚ್ಚಿದರೆ ಎಕ್ಸ್‌ಪ್ಯಾಂಡರ್ ತೂತಾಗಬಹುದು. ಎಂಆರ್‌ಐ ಮಾಡಿಸಬೇಕು ಅಂತ ಯಾರಾದರೂ ಅಂದರೆ ಎಕ್ಸ್‌ಪ್ಯಾಂಡರ್ ಇದೆ ಅಂತ ಮೊದಲೇ ಹೇಳಿ. ಬಹಳಷ್ಟು ಎಕ್ಸ್‌ಪ್ಯಾಂಡರ್‌ಗಳಲ್ಲಿ ನೀರು ತುಂಬುವ ಪೋರ್ಟಿನಲ್ಲಿ ಅಯಸ್ಕಾಂತ ಇರುತ್ತೆ.

ಸ್ಯಾಂಪಲ್ ಆದ ಮೇಲೆ ಡ್ರಿಪ್‌ನಲ್ಲಿ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್. ಸಾಮಾನ್ಯವಾಗಿ ವ್ಯಾಂಕೊಮೈಸಿನ್, ಜೊತೆಗೆ ಪಿಪರಾಸಿಲಿನ್-ಟಾಜೊಬ್ಯಾಕ್ಟಂ ಥರದ್ದು. ಮೊದಲನೆಯದು ಸ್ಟ್ಯಾಫಿಲೊಕಾಕಸ್ ಅನ್ನುವ ಕ್ರಿಮಿಗೆ, ಎರಡನೆಯದು ಸೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಥರದವಕ್ಕೆ. ಎರಡೂ ಸೇರಿದಾಗ ಕಿಡ್ನಿ ಮೇಲೆ ಕಣ್ಣಿಡಬೇಕು, ಶುಗರ್ ಇರುವವರಲ್ಲಿ ಇನ್ನೂ ಜಾಸ್ತಿ. ಕ್ರಿಯಾಟಿನಿನ್ ಎಷ್ಟು ಬಂತು ಅಂತ ದಿನಾ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಆಮೇಲೆ 48 ರಿಂದ 72 ಗಂಟೆ ಮುಖ್ಯ. ಕೆಂಪು ಹಿಂದೆ ಸರಿದು ರಕ್ತದ ರಿಪೋರ್ಟ್ ಇಳಿದರೆ ಕಾಯಬಹುದು. ಇಳಿಯದಿದ್ದರೆ, ಕೀವು ಸಿಕ್ಕರೆ, ಹೊಲಿಗೆ ಬಿಟ್ಟು ಎಕ್ಸ್‌ಪ್ಯಾಂಡರ್ ಕಂಡರೆ ಓಟಿಗೆ ಹೋಗಬೇಕು. ಬಿಪಿ ಬಿದ್ದರೆ, ಮಂಪರು ಬಂದರೆ ಗಂಟೆ ಎಣಿಸುತ್ತಾ ಕೂರುವುದಿಲ್ಲ, ಆಗಲೇ ತೆಗೆಯುತ್ತೇವೆ.

ನ್ಯೂಜೆರ್ಸಿ ಅತ್ತೆ · ಅಮೆರಿಕ

ತೆಗೆಯುವುದೇ ದಾರಿ ಅಂತ ಮೊದಲೇ ಮನಸ್ಸು ಮಾಡಿಕೊಳ್ಳಬೇಡಿ. ನನಗೂ ಹೀಗೇ ಆಗಿತ್ತು, ಬಲಗಡೆ. ಓಟಿಗೆ ಕರೆದುಕೊಂಡು ಹೋಗಿ ಹಳೇ ಇಂಪ್ಲಾಂಟ್ ತೆಗೆದು, ಸುತ್ತಲಿನ ಪೊರೆ ಕೆರೆದು, ಲೀಟರುಗಟ್ಟಲೆ ತೊಳೆದು, ಅದೇ ಸಲ ಹೊಸದು ಹಾಕಿದರು. ವಾರಗಟ್ಟಲೆ ಇಂಜೆಕ್ಷನ್ ಆಯಿತು. ಉಳಿಯಿತು. ಇಲ್ಲಿ ಇನ್ನೊಂದು ಪದ್ಧತಿಯೂ ಇದೆ. ಜಾಗ ಖಾಲಿ ಮಾಡಿ ಸ್ಪಂಜ್ ಇಟ್ಟು, ಮೆಷಿನ್ನಿನಿಂದ ಔಷಧಿ ನೀರು ಬಿಟ್ಟು ಎಳೆದು, ಕೆಲವು ದಿನದ ಮೇಲೆ ಹೊಸ ಸಾಧನ ಇಡುತ್ತಾರೆ.

ಊರಲ್ಲಿ ಬೇಗ ಕೈ ಚೆಲ್ಲುತ್ತಾರೆ ಅನ್ನುವುದು ನನ್ನ ಅನಿಸಿಕೆ. ಇಲ್ಲಿ 1998ರ ಕಾನೂನು ಇದೆ. ಸ್ತನ ತೆಗೆಯುವುದಕ್ಕೆ ಹಣ ಕೊಡುವ ಇನ್ಶೂರೆನ್ಸ್ ಮತ್ತೆ ಕಟ್ಟುವುದಕ್ಕೂ, ಅದರ ತೊಂದರೆಗಳಿಗೂ ಕೊಡಬೇಕು. ಅಲ್ಲಿ ಖರ್ಚು ನೋಡಿ ತೆಗೆದುಬಿಡೋಣ ಅನ್ನುತ್ತಾರಾ ಅಂತ.

ಹೊಲಿಗೆ ಡಾಕ್ಟ್ರು · ಹುಬ್ಬಳ್ಳಿ

ಅಮ್ಮಾ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ, ಒಪ್ಪುತ್ತೇನೆ. ಹೊಸ ಎಕ್ಸ್‌ಪ್ಯಾಂಡರ್, ಆ ಮೆಷಿನ್ ಡ್ರೆಸ್ಸಿಂಗ್, ಎರಡು ಮೂರು ಸಲ ಓಟಿ, ಇವೆಲ್ಲ ಕೈಯಿಂದ ಕೊಡುವ ಕುಟುಂಬಕ್ಕೆ ಭಾರ. ಆ ಲೆಕ್ಕ ನಮ್ಮ ತಲೆಯಲ್ಲೂ ಓಡುತ್ತೆ.

ಆದರೆ ನಿಮಗೆ ಯಾವ ಕ್ರಿಮಿ ಬಂದಿತ್ತು? ಶುಗರ್ ಇತ್ತಾ? ಆಮೇಲೆ ರೇಡಿಯೇಷನ್ ಇತ್ತಾ? ಉಳಿಸಿದವರ ವರದಿಗಳಲ್ಲೇ ಅಜಗಜಾಂತರ ಇದೆ. ಒಂದು ವರದಿಯಲ್ಲಿ ಸುಮಾರು 37 ಪ್ರತಿಶತ ಉಳಿದಿದೆ, ಇನ್ನೊಂದರಲ್ಲಿ 76. ಇಷ್ಟು ವ್ಯತ್ಯಾಸ ಬರುವುದು ಯಾರನ್ನು ಉಳಿಸಲು ಆರಿಸಿಕೊಂಡರು ಅನ್ನುವುದರಿಂದಲೂ. ಸ್ಟ್ಯಾಫ್ ಆರಿಯಸ್, ಅದರಲ್ಲೂ ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಜಗ್ಗದ ಎಂಆರ್‌ಎಸ್‌ಎ ಇದ್ದರೆ, ಮೊದಲೇ ರೇಡಿಯೇಷನ್ ಆಗಿದ್ದರೆ, ಬರುವಾಗಲೇ ಬಿಳಿ ಕಣ ತುಂಬಾ ಏರಿದ್ದರೆ ಉಳಿಸುವ ಪ್ರಯತ್ನ ಸೋಲುವುದು ಜಾಸ್ತಿ.

ಇಲ್ಲಿ ನಾನು ನೋಡುವುದು ಬೇರೆ. ಅಕ್ಕನಿಗೆ ಮುಂದೆ ರೇಡಿಯೇಷನ್ ಕಾದಿದೆ. ಸೋಂಕಿರುವಾಗ ಅದನ್ನು ಶುರು ಮಾಡಲು ಆಗುವುದಿಲ್ಲ. ಉಳಿಸುತ್ತೇವೆ ಅಂತ ಹೊರಟು, ತೊಳೆದು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟು, ಮತ್ತೆ ಕೆಂಪಾಗಿ, ಕೊನೆಗೆ ತೆಗೆದರೆ ಎರಡು ತಿಂಗಳು ಹೋಗಿರುತ್ತೆ. ಕ್ಯಾನ್ಸರ್ ಚಿಕಿತ್ಸೆ ಅಷ್ಟು ದಿನ ನಿಂತಿರುತ್ತೆ. ಆರೋಗ್ಯವಂತಳಾದ, ರೇಡಿಯೇಷನ್ ಬೇಕಿಲ್ಲದ ಹೆಂಗಸಿನಲ್ಲಿ ಆ ಎರಡು ತಿಂಗಳು ಪಣಕ್ಕಿಡಬಹುದು. ಇವರಲ್ಲಿ ನಾನಾದರೆ ಇಡುವುದಿಲ್ಲ. ಎಕ್ಸ್‌ಪ್ಯಾಂಡರ್ ಆಮೇಲೆ ಮತ್ತೆ ಹಾಕಬಹುದು. ತಡವಾದ ರೇಡಿಯೇಷನ್ನನ್ನು ಹಿಂದಕ್ಕೆ ಹೋಗಿ ಕೊಡಲು ಆಗುವುದಿಲ್ಲ.

ಎಲ್ಲ ಸರ್ಜನ್‌ಗಳೂ ಹೀಗೇ ಹೇಳುತ್ತಾರೆ ಅಂತಲ್ಲ. ಇದು ನನ್ನ ಒಲವು.

ನ್ಯೂಜೆರ್ಸಿ ಅತ್ತೆ · ಅಮೆರಿಕ

ನನಗೆ ಎಪಿಡರ್ಮಿಡಿಸ್ ಅಂತ, ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಕ್ರಿಮಿ ಬಂದಿತ್ತು. ಶುಗರ್ ಇಲ್ಲ. ರೇಡಿಯೇಷನ್ನೂ ಬೇಕಿರಲಿಲ್ಲ. ಸರಿ ಡಾಕ್ಟ್ರೇ, ಅರ್ಥವಾಯಿತು. ಆದರೂ ಎರಡೂ ದಾರಿಯ ಬಗ್ಗೆ ಕೇಳಿಕೊಳ್ಳಲಿ ಅಂತ ನನ್ನ ಆಸೆ.

ಸ್ಲೈಡ್ ನೋಡುವವಳು · ಮಂಗಳೂರು

ಮೈಕ್ರೋಬಯಾಲಜಿ ಕಡೆಯಿಂದ ಒಂದು ಮಾತು. ಸ್ಯಾಂಪಲ್ ಕಳಿಸುವಾಗ ಸಾಮಾನ್ಯ ಕಲ್ಚರ್ ಜೊತೆಗೆ ಎಎಫ್‌ಬಿ ಸ್ಟೇನ್ (ಟಿಬಿ ಜಾತಿಯ ಕ್ರಿಮಿ ಹುಡುಕುವ ಬಣ್ಣದ ಪರೀಕ್ಷೆ), ಮೈಕೊಬ್ಯಾಕ್ಟೀರಿಯಾ ಕಲ್ಚರ್, ಫಂಗಲ್ ಕಲ್ಚರ್ ಕೂಡ ಬರೆಸಿ. ಬರೆಯದಿದ್ದರೆ ಲ್ಯಾಬಿನಲ್ಲಿ ಮಾಡುವುದಿಲ್ಲ. ಎರಡು ಮೂರು ದಿನ ನೋಡಿ 'ಏನೂ ಬೆಳೆದಿಲ್ಲ' ಅಂತ ರಿಪೋರ್ಟ್ ಹೋಗುತ್ತೆ.

ನಮ್ಮ ಕಡೆ ಇದು ಮುಖ್ಯ. ಟಿಬಿ ಕ್ರಿಮಿಯ ಜಾತಿಯ, ಆದರೆ ಟಿಬಿ ಅಲ್ಲದ ಕ್ರಿಮಿಗಳಿವೆ. ಫಾರ್ಚುಯಿಟಮ್, ಕೆಲೋನೆ, ಆಬ್ಸೆಸ್ಸಸ್. ನೀರಿನಲ್ಲಿ, ನಲ್ಲಿಯಲ್ಲಿ ಇರುತ್ತವೆ. ವಾರಗಳ ಮೇಲೆ, ಜ್ವರ ಜಾಸ್ತಿ ಇಲ್ಲದೆ, ನೀರು ನೀರಾಗಿ ಸೋರುತ್ತಾ ಬರುತ್ತವೆ. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಇವು ಸಿಕ್ಕರೆ ಸಾಧನ ತೆಗೆಯಲೇಬೇಕು ಅನ್ನುವುದು ಹೆಚ್ಚು ಕಡಿಮೆ ಎಲ್ಲರ ಒಮ್ಮತ. ಔಷಧಿ ತಿಂಗಳುಗಟ್ಟಲೆ. ಮೇಲೆ ನರ್ಸಕ್ಕ ನಲ್ಲಿ ನೀರು ಬೇಡ ಅಂದಿದ್ದು ಸುಮ್ನೆ ಅಲ್ಲ.

ಇನ್ನೊಂದು. ಡ್ರೇನ್ ಬಲ್ಬಿನಲ್ಲಿ ನಿಂತ ನೀರನ್ನು ಕಲ್ಚರ್‌ಗೆ ಕಳಿಸಬೇಡಿ. ಅದರಲ್ಲಿ ಪೈಪಿನ ಕ್ರಿಮಿಯೂ ಬೆಳೆಯುತ್ತೆ. ಸೂಜಿಯಲ್ಲಿ ಒಳಗಿಂದ ತೆಗೆದದ್ದು, ಇಲ್ಲವೇ ಓಟಿಯಲ್ಲಿ ತೆಗೆದ ಪೊರೆಯ ತುಂಡು ಸರಿಯಾದ ಸ್ಯಾಂಪಲ್.

ಬಸವನಗುಡಿ ಗಂಡ · ಬೆಂಗಳೂರು

ಒಂದು ಸಂಶಯ. ನನ್ನ ಹೆಂಡತಿಗೆ ಮುಂದಿನ ತಿಂಗಳು ಇದೇ ಆಪರೇಷನ್. ಡ್ರೇನ್ ಇರುವಷ್ಟು ದಿನವೂ ಆ್ಯಂಟಿಬಯೋಟಿಕ್ ಕೊಟ್ಟರೆ ಈ ರಗಳೆಯೇ ಇರಲ್ಲ ಅಲ್ವಾ? ಕೆಲವು ಕಡೆ ಹಾಗೇ ಕೊಡುತ್ತಾರಂತೆ.

ಲೆಸ್ಟರ್ ಕನ್ನಡತಿ · ಇಂಗ್ಲೆಂಡ್

ನಾನು ಇಲ್ಲಿ ಬ್ರೆಸ್ಟ್ ಕೇರ್ ನರ್ಸ್. ಬಸವನಗುಡಿಯವರೇ, ಎಷ್ಟೋ ಕಡೆ ಕೊಡುತ್ತಾರೆ ನಿಜ. ಆದರೆ ಡ್ರೇನ್ ಇದೆ ಅನ್ನುವ ಕಾರಣಕ್ಕೆ ಆಪರೇಷನ್ ಆದ ಮೇಲೂ ಮುಂದುವರಿಸಬೇಡಿ ಅಂತ 2016ರ ಡಬ್ಲ್ಯುಎಚ್‌ಒ ಮಾರ್ಗಸೂಚಿ ಹೇಳುತ್ತೆ. ಚರ್ಮ ಕೊಯ್ಯುವ ಒಂದು ಗಂಟೆಯೊಳಗೆ ಕೊಡುವ ಸೆಫಜೊಲಿನ್ ಅನ್ನುವ ಆ್ಯಂಟಿಬಯೋಟಿಕ್ ಡೋಸ್ ಇದೆಯಲ್ಲ, ಅದು ಸರಿಯಾದ ಹೊತ್ತಿಗೆ ಹೋಗುವುದು ಮುಖ್ಯ. ವಾರಗಟ್ಟಲೆ ಮಾತ್ರೆ ನುಂಗಿದರೆ ಉಳಿದುಕೊಳ್ಳುವ ಕ್ರಿಮಿ ಗಟ್ಟಿ ಕ್ರಿಮಿ.

ಇದು ಬರೀ ನಮ್ಮ ಊರಿನ ಕೊಳಕಿನಿಂದ ಆಗುತ್ತೆ ಅಂದುಕೊಂಡವರಿಗೆ ಒಂದು ಲೆಕ್ಕ. ಇಲ್ಲಿ ಐಬ್ರಾ ಅಂತ ದೊಡ್ಡ ಅಧ್ಯಯನ ನಡೆಯಿತು, 81 ಆಸ್ಪತ್ರೆ, 2000ಕ್ಕೂ ಮೇಲೆ ಹೆಂಗಸರು. 2019ರಲ್ಲಿ ಪ್ರಕಟವಾಯಿತು. ಮೂರು ತಿಂಗಳೊಳಗೆ 25 ಪ್ರತಿಶತ ಜನಕ್ಕೆ ಸೋಂಕಿಗೆ ಚಿಕಿತ್ಸೆ ಬೇಕಾಯಿತು. 9 ಪ್ರತಿಶತ ಜನ ಇಂಪ್ಲಾಂಟ್ ಕಳೆದುಕೊಂಡರು. 18 ಪ್ರತಿಶತ ಜನ ಮತ್ತೆ ಓಟಿಗೆ ಹೋದರು. ಇಲ್ಲಿನವರೇ ಹಾಕಿಕೊಂಡ ಗುರಿ ಏನಿತ್ತು ಗೊತ್ತಾ? ಸೋಂಕು 10ರೊಳಗೆ, ಇಂಪ್ಲಾಂಟ್ ನಷ್ಟ 5ರೊಳಗೆ. ಅದಕ್ಕೇ ನಾನು ಆಪರೇಷನ್‌ಗೆ ಮುಂಚೆಯೇ ಎಲ್ಲರಿಗೂ ಹೇಳಿಬಿಡುತ್ತೇನೆ, ಇದು ಆಗಬಹುದು, ಆದರೆ ಯಾರದೂ ತಪ್ಪಲ್ಲ ಅಂತ. ಮೊದಲೇ ಕೇಳಿದ್ದವರು ಅಷ್ಟು ಕುಸಿಯುವುದಿಲ್ಲ.

ಡ್ರೆಸ್ಸಿಂಗ್ ರೂಮ್ · ಮೈಸೂರು

ಬಸವನಗುಡಿ ಸರ್, ನಿಮ್ಮ ಮನೆಯವರು ಎಲೆಅಡಿಕೆ ಹಾಕುತ್ತಾರಾ? ತಪ್ಪು ತಿಳಿಯಬೇಡಿ. ನಮ್ಮ ಫಾರ್ಮಿನಲ್ಲಿ 'ಸ್ಮೋಕಿಂಗ್ ಇದೆಯೇ' ಅಂತ ಒಂದು ಗೆರೆ ಇರುತ್ತೆ. ನಮ್ಮ ಹೆಂಗಸರು ಎಲ್ಲರೂ 'ಇಲ್ಲ' ಅಂತಾರೆ. ಆಮೇಲೆ ಸೆರಗಿನ ಗಂಟಿನಲ್ಲಿ ಕಡ್ಡಿಪುಡಿ ಇರುತ್ತೆ! ಹೊಗೆಸೊಪ್ಪು ಅಗಿದರೂ ನಿಕೋಟಿನ್ ರಕ್ತಕ್ಕೆ ಹೋಗುತ್ತೆ. ಚರ್ಮದ ಸಣ್ಣ ರಕ್ತನಾಳ ಬಿಗಿಯುತ್ತೆ. ತೆಳುವಾಗಿ ಬಿಡಿಸಿದ ಸ್ತನದ ಚರ್ಮ ಸಾಯುವುದು, ಹೊಲಿಗೆ ಬಿಡುವುದು ಅಲ್ಲಿಂದಲೇ ಶುರು. ಆಪರೇಷನ್‌ಗೆ ನಾಲ್ಕು ವಾರ ಮುಂಚೆಯಾದರೂ ನಿಲ್ಲಿಸಬೇಕು. ಅತ್ತೆಯಂದಿರ ಮುಂದೆ ಕೇಳಬೇಡಿ, ಒಬ್ಬರೇ ಇದ್ದಾಗ ಕೇಳಿ, ನಿಜ ಹೇಳುತ್ತಾರೆ.

ಶುಗರ್ ಇದ್ದರೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಮೊದಲೇ ನೋಡಿಸಿ. ಆಪರೇಷನ್ ಹೊತ್ತಿಗೆ, ಆಮೇಲಿನ ದಿನಗಳಲ್ಲಿ 180ರ ಒಳಗೆ ಇಟ್ಟುಕೊಳ್ಳಲು ನೋಡುತ್ತೇವೆ. ಅದಕ್ಕೆ ಸ್ವಲ್ಪ ದಿನ ಇನ್ಸುಲಿನ್ ಬೇಕಾದರೆ ಹಠ ಮಾಡಬೇಡಿ.

ಮಲೆನಾಡ ಹುಡುಗಿ · ಭಾನುವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಅಡ್ಮಿಟ್ ಆಗಿದ್ದೇವೆ. ದಾರಿಯಲ್ಲೇ ಚಳಿ ಬಂತು, ಇಲ್ಲಿ ಬಂದಾಗ ಜ್ವರ 101. ಬಿಳಿ ಕಣ, ಸಿಆರ್‌ಪಿ ಎರಡೂ ತುಂಬಾ ಜಾಸ್ತಿ ಇದೆ. ಸ್ಕ್ಯಾನಿನಲ್ಲಿ ಎಕ್ಸ್‌ಪ್ಯಾಂಡರ್ ಹಿಂದೆ ನೀರು ಕಟ್ಟಿದೆ, ಸೂಜಿಯಲ್ಲಿ ತೆಗೆದು ಕಲ್ಚರ್‌ಗೆ ಕಳಿಸಿದರು. ಎಎಫ್‌ಬಿ, ಫಂಗಲ್ ಎರಡನ್ನೂ ಬರೆಯಿರಿ ಅಂತ ನಾನೇ ಕೇಳಿದೆ. ಡ್ಯೂಟಿ ಡಾಕ್ಟರ್ ನನ್ನ ಮುಖ ನೋಡಿ 'ನೀವು ಏನು ಓದಿದ್ದೀರಿ' ಅಂದರು. ಬಿ.ಕಾಂ ಅಂದೆ.

ಡ್ರಿಪ್‌ನಲ್ಲಿ ಎರಡು ಔಷಧಿ ನಡೀತಿದೆ. ವ್ಯಾಂಕೊಮೈಸಿನ್ ಹಾಕಿದ ಸ್ವಲ್ಪ ಹೊತ್ತಿಗೆ ಅಕ್ಕನ ಮುಖ, ಕತ್ತು ಕೆಂಪಾಗಿ ತುರಿಕೆ ಬಂತು. ಅಲರ್ಜಿನಾ ಅಂತ ಭಯ. ಸಿಸ್ಟರ್ ಬಂದು ಡ್ರಿಪ್ ನಿಧಾನ ಮಾಡಿದರು. ಕಮ್ಮಿಯಾಯಿತು. ಪೆನ್ನಿನ ಗೆರೆ ಮೇಲ್ಗಡೆ ಒಂದು ಬೆರಳಷ್ಟು ದಾಟಿದೆ.

ಡ್ರೆಸ್ಸಿಂಗ್ ರೂಮ್ · ಮೈಸೂರು

ವ್ಯಾಂಕೊಮೈಸಿನ್ ಬೇಗ ಹೋದರೆ ಹಾಗಾಗುತ್ತೆ. ಕಡಿಮೆ ಅಂದರೂ ಒಂದು ಗಂಟೆ ಓಡಿಸಬೇಕು. ಬಹಳ ಸಲ ಅದು ನಿಜವಾದ ಅಲರ್ಜಿ ಅಲ್ಲ. ಆದರೂ ಉಸಿರು ಕಟ್ಟಿದ ಹಾಗಾದರೆ, ತುಟಿ ಊದಿದರೆ ಕೂಡಲೇ ಕರೆಯಿರಿ.

ತುಂಗಭದ್ರೆ · ದಾವಣಗೆರೆ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ತೆಗೆಸಿಕೊಂಡವಳು ನಾನು, ಹಾಗಾಗಿ ಬರೆಯುತ್ತೇನೆ. ನನ್ನದೂ ಎಕ್ಸ್‌ಪ್ಯಾಂಡರ್, ನನಗೂ ಶುಗರ್.

ಅಕ್ಕನಿಗೆ ಹೇಳಿ, ತೆಗೆದ ಮೇಲೆ ಮೊದಲು ಅನಿಸುವುದು ಹಗುರ. ನಾಚಿಕೆ ಬಿಟ್ಟು ಹೇಳುತ್ತೇನೆ. ಅಷ್ಟು ದಿನ ಬಿಗಿಯಾಗಿ, ಭಾರವಾಗಿ, ಜ್ವರದಲ್ಲಿ ಬೇಯುತ್ತಿದ್ದ ಎದೆ ಮಾರನೇ ದಿನವೇ ತಣ್ಣಗಾಯಿತು. ಶುಗರ್ ತಾನಾಗಿ ಇಳಿಯಿತು. ಅಳು ಆಮೇಲೆ ಬಂತು. ಕನ್ನಡಿ ಮುಂದೆ ನಿಂತಾಗ. ಚರ್ಮ ನೆರಿಗೆ ನೆರಿಗೆಯಾಗಿ ಒಳಗೆ ಎಳೆದುಕೊಂಡಿತ್ತು, ಅದಕ್ಕೆ ನಾನು ಸಿದ್ಧವಾಗಿರಲಿಲ್ಲ. ಯಾರೂ ಹೇಳಿರಲಿಲ್ಲ. ನೀವು ಮೊದಲೇ ಹೇಳಿಬಿಡಿ.

ಮತ್ತೆ ನೆಂಟರು. 'ಅಷ್ಟು ದುಡ್ಡು ಹಾಕಿ ಇಡಿಸಿ ಈಗ ತೆಗೆಸಿದಿರಾ' ಅಂತ ಕೇಳುವವರು ಇರುತ್ತಾರೆ. ಅವರಿಗೆ ಉತ್ತರ ಕೊಡುವ ಕೆಲಸ ನೀವೇ ವಹಿಸಿಕೊಳ್ಳಿ ತಂಗಿ, ಅಕ್ಕನ ತನಕ ಹೋಗದ ಹಾಗೆ.

ಕಷಾಯಪ್ರಿಯ · ತುಮಕೂರು

ಅಕ್ಕನಿಗೆ ಬೇಗ ಗುಣವಾಗಲಿ. ಕಷಾಯ ಕುಡಿದರೆ ತಪ್ಪೇನಿಲ್ಲ ಅಲ್ವಾ, ಅದನ್ನಾದರೂ ಬಿಡಿ!

ಹೊಲಿಗೆ ಡಾಕ್ಟ್ರು · ಹುಬ್ಬಳ್ಳಿ

ಸರ್, ಅಡ್ಮಿಟ್ ಆಗಿರುವಾಗ ಏನೇ ಕೊಡುವುದಿದ್ದರೂ ಅಲ್ಲಿನ ಡಾಕ್ಟರಿಗೆ ಹೇಳಿ ಕೊಡಲಿ. ಕಿಡ್ನಿ, ಲಿವರ್ ಮೇಲೆ ಈಗಾಗಲೇ ಔಷಧಿಯ ಕೆಲಸ ಇದೆ. ಗಾಯದ ಮೇಲೆ ಮಾತ್ರ ಏನೂ ಬೇಡ.

ಹಾಗೆಯೇ ಈ ಚರ್ಚೆ ಓದುವ ಬೇರೆಯವರಿಗೆ. ಕೆಂಪಾದದ್ದೆಲ್ಲ ಸೋಂಕಲ್ಲ. ಕೆಲವರಲ್ಲಿ ಎಕ್ಸ್‌ಪ್ಯಾಂಡರ್‌ಗೆ ಆಸರೆಯಾಗಿ ಸಂಸ್ಕರಿಸಿದ ಚರ್ಮದ ಹಾಳೆ ಹೊಲಿದಿರುತ್ತಾರೆ, ಎಡಿಎಂ ಅಂತ. ಅದು ಇರುವ ಜಾಗದಷ್ಟೇ ಮೇಲಿನ ಚರ್ಮ ಕೆಂಪಾಗಿ, ಜ್ವರವಿಲ್ಲದೆ, ರಕ್ತದ ರಿಪೋರ್ಟ್ ಸರಿಯಿದ್ದು ತಾನಾಗಿ ಇಳಿಯುವುದುಂಟು. ಆದರೆ ಅದು ಸೋಂಕಲ್ಲ ಅಂತ ತೀರ್ಮಾನ ಮಾಡುವುದು ಪರೀಕ್ಷೆ ಆದ ಮೇಲೆ. ಮನೆಯಲ್ಲಿ ಕೂತು ಅಲ್ಲ.

ಮಲೆನಾಡ ಹುಡುಗಿ · ಮಂಗಳವಾರ

ಕಲ್ಚರ್ ಬಂತು. ಎಂಆರ್‌ಎಸ್‌ಎ. ಜ್ವರ ಇಳಿದು ಮತ್ತೆ ಏರಿದೆ. ಹೊಲಿಗೆಯ ಒಂದು ತುದಿ ಬಿಟ್ಟಿದೆ, ಒತ್ತಿದರೆ ಕೀವು. ಸರ್ಜನ್ ಬಂದು ಅಕ್ಕನ ಹಾಸಿಗೆ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಮಾತಾಡಿದರು. ನಾನು ಎರಡೂ ದಾರಿ ಕೇಳಿದೆ. ತೊಳೆದು ಹೊಸದು ಹಾಕಬಹುದು, ಆದರೆ ಶುಗರ್, ಎಂಆರ್‌ಎಸ್‌ಎ, ಮುಂದೆ ರೇಡಿಯೇಷನ್, ಮೂರೂ ಇರುವಾಗ ಉಳಿಯುತ್ತೆ ಅಂತ ಭರವಸೆ ಕೊಡಲಾರೆ ಅಂದರು. ಹುಬ್ಬಳ್ಳಿ ಡಾಕ್ಟ್ರು ಹೇಳಿದ್ದೇ ಹೆಚ್ಚು ಕಡಿಮೆ.

ಅಕ್ಕ ಕೇಳಿದ್ದು ಒಂದೇ. 'ರೇಡಿಯೇಷನ್ ಯಾವಾಗ ಶುರು ಮಾಡ್ತೀರಿ?' ತೆಗೆದರೆ ಗಾಯ ಮಾಗಿದ ತಕ್ಷಣ, ಕೆಲವು ವಾರದಲ್ಲಿ ಅಂದರು. ಉಳಿಸಿದರೆ ದಿನ ಹೇಳಲಾರೆ ಅಂದರು. 'ಹಾಗಾದರೆ ತೆಗೀರಿ' ಅಂದಳು. ಸಹಿ ಅವಳೇ ಹಾಕಿದಳು, ಭಾವ ಪೆನ್ನು ಹಿಡಿದುಕೊಂಡು ನಿಂತಿದ್ದರು ಅಷ್ಟೇ.

ಇವತ್ತು ಮಧ್ಯಾಹ್ನ ಆಯಿತು. ಹೊರಗೆ ಬಂದಿದ್ದಾಳೆ. ಮಲಗಿದ್ದಾಳೆ.

ಈಗ ನನ್ನ ಪ್ರಶ್ನೆ. ಮುಂದೆ ಮತ್ತೆ ಕಟ್ಟಲು ಆಗುತ್ತಾ? ಯಾವಾಗ?

ಹೊಲಿಗೆ ಡಾಕ್ಟ್ರು · ಹುಬ್ಬಳ್ಳಿ

ಒಳ್ಳೆಯದಾಯಿತು. ಆಗುತ್ತೆ. ಸೋಂಕು ಪೂರ್ತಿ ಹೋಗಿ ಚರ್ಮ ಮೆತ್ತಗಾಗಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಡುತ್ತೇವೆ. ರೇಡಿಯೇಷನ್ ಆದವರಲ್ಲಿ ಅದು ಮುಗಿದ ಮೇಲೆ ಆರು ತಿಂಗಳೋ ಇನ್ನೂ ಸ್ವಲ್ಪ ಜಾಸ್ತಿಯೋ.

ಆದರೆ ಆಗ ಮತ್ತೆ ಬರೀ ಇಂಪ್ಲಾಂಟ್ ಅಂತ ಹೊರಡಬೇಡಿ. ರೇಡಿಯೇಷನ್ ಆದ ಚರ್ಮಕ್ಕೆ ಹಿಗ್ಗುವ ಶಕ್ತಿ ಕಡಿಮೆ, ರಕ್ತ ಓಡಾಟ ಕಡಿಮೆ. ಅಲ್ಲಿ ಇಂಪ್ಲಾಂಟ್ ಇಟ್ಟರೆ ಸೋಂಕು, ಸುತ್ತ ಪೊರೆ ಗಟ್ಟಿಯಾಗುವುದು, ಎರಡೂ ಜಾಸ್ತಿ. ಸ್ವಂತ ಮಾಂಸದಿಂದ ಕಟ್ಟುವುದು ಇವರಿಗೆ ಹೊಂದುತ್ತೆ. ಹೊಟ್ಟೆಯ ಕೆಳಭಾಗದ ಕೊಬ್ಬು, ಚರ್ಮವನ್ನು ರಕ್ತನಾಳ ಸಮೇತ ತಂದು ಎದೆಯ ರಕ್ತನಾಳಕ್ಕೆ ಮೈಕ್ರೋಸ್ಕೋಪಿನಲ್ಲಿ ಜೋಡಿಸುವುದು ಡಿಐಇಪಿ. ಬೆನ್ನಿನ ಅಗಲ ಸ್ನಾಯುವನ್ನು ತಿರುಗಿಸಿ ತರುವುದು ಎಲ್‌ಡಿ. ಮೊದಲನೆಯದು ಉದ್ದದ ಆಪರೇಷನ್, ಅದಕ್ಕೆ ಅಭ್ಯಾಸ ಇರುವ ತಂಡ ಬೇಕು. ಅಷ್ಟರಲ್ಲಿ ಶುಗರ್, ತೂಕ ಎರಡೂ ಇಳಿಸಿಕೊಂಡರೆ ಆಗ ಸುಲಭ. ಮತ್ತೆ ಕಟ್ಟಿಸಿಕೊಳ್ಳದೆ ಇದ್ದರೂ ಸರಿಯೇ, ಅದು ಅಕ್ಕನಿಗೆ ಬಿಟ್ಟದ್ದು.

ಎಂಆರ್‌ಎಸ್‌ಎ ಬಂದಿತ್ತು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಮುಂದಿನ ಯಾವ ಆಪರೇಷನ್ ಆದರೂ ಮೊದಲೇ ಮೂಗಿನ ಸ್ವಾಬ್ ತೆಗೆದು, ಇದ್ದರೆ ಮುಪಿರೋಸಿನ್ ಮುಲಾಮು ಹಚ್ಚಿ, ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕದಲ್ಲಿ ಸ್ನಾನ ಮಾಡಿಸಿ, ಕೊಡುವ ಆ್ಯಂಟಿಬಯೋ­ಟಿಕ್ ಬದಲಾಯಿಸಬೇಕಾಗುತ್ತೆ.

ಬಸವನಗುಡಿ ಗಂಡ · ಬೆಂಗಳೂರು

ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕರ್ ಇಟ್ಟುಕೊಳ್ಳಿ ಅಂತ ಯಾರೋ ಹೇಳಿದರು. ಅದೂ ಬೇಕಾ?

ಲೆಸ್ಟರ್ ಕನ್ನಡತಿ · ಇಂಗ್ಲೆಂಡ್

ಖಂಡಿತ ಬೇಕು. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಮೇಲ್ಮೈ ನುಣುಪೋ ತರಿತರಿಯೋ. 2019ರಲ್ಲಿ ಅಲರ್ಗನ್ ಕಂಪನಿಯ ಬಯೋಸೆಲ್ ಅನ್ನುವ ತರಿ ಮೇಲ್ಮೈಯ ಇಂಪ್ಲಾಂಟ್ ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡರು. ಅದರ ಸುತ್ತ ಅಪರೂಪದ ಒಂದು ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಬರಬಹುದು ಅಂತ ಗೊತ್ತಾಗಿ. ಆಗ ಎಷ್ಟೋ ಜನಕ್ಕೆ ತಮ್ಮೊಳಗೆ ಯಾವುದಿದೆ ಅಂತಲೇ ಗೊತ್ತಿರಲಿಲ್ಲ. ವರ್ಷಗಳ ಮೇಲೆ ಇದ್ದಕ್ಕಿದ್ದ ಹಾಗೆ ಒಂದು ಕಡೆ ಊದಿದರೆ ಅದನ್ನು ಬರೀ ಇನ್ಫೆಕ್ಷನ್ ಅಂತ ಬಿಡಬಾರದು. ನೀರು ತೆಗೆದು ಆ ಲಿಂಫೋಮಾ ಹುಡುಕುವ ಸಿಡಿ30 ಪರೀಕ್ಷೆಗೂ ಕಳಿಸಬೇಕು.

ಮಲೆನಾಡ ಹುಡುಗಿ

ಜ್ವರ ಇಲ್ಲ. ಬೆಳಗಿನ ಶುಗರ್ 150. ಅಕ್ಕ ಎದ್ದು ಕಾಫಿ ಕೇಳಿದಳು, ಸಕ್ಕರೆ ಹಾಕಿಲ್ಲ ಅಂತ ಬೈದಳು. ರೇಡಿಯೇಷನ್ ಡಾಕ್ಟರ್ ಗಾಯ ನೋಡಿ ಮುಂದಿನ ದಿನ ಕೊಡುತ್ತಾರಂತೆ. ತುಂಗಭದ್ರೆ ಅಕ್ಕ, ಒಂದು ಸಣ್ಣ ವಿಷಯ. ಮನೆಗೆ ಹೋದ ಮೇಲೆ ರವಿಕೆಯೊಳಗೆ ಏನಿಟ್ಟುಕೊಳ್ಳುತ್ತಿದ್ದಿರಿ? ಅವಳು ಕೇಳಿದ್ದು, ನಾನಲ್ಲ.

ತುಂಗಭದ್ರೆ · ದಾವಣಗೆರೆ

ಹೊಲಿಗೆ ಬಿಚ್ಚುವ ತನಕ ಏನೂ ಬೇಡ, ಸಡಿಲ ನೈಟಿ ಸಾಕು. ಆಮೇಲೆ ಡಾಕ್ಟರ್ ಸರಿ ಅಂದರೆ ಮೆತ್ತನೆಯ ಹತ್ತಿ ಪ್ಯಾಡ್, ಭಾರ ಇಲ್ಲದ್ದು. ಒಳಗಡೆ ಜೇಬು ಹೊಲಿಸಿದ ಹತ್ತಿ ಬ್ರಾ ಇದ್ದರೆ ಜಾರಲ್ಲ. ನಮ್ಮೂರ ಟೈಲರಮ್ಮನೇ ಹೊಲಿದುಕೊಟ್ಟಳು. ಸಿಲಿಕೋನ್ ಪ್ಯಾಡ್ ರೇಡಿಯೇಷನ್ ಮುಗಿದು ಚರ್ಮ ಸರಿಹೋದ ಮೇಲೆ. ರೇಡಿಯೇಷನ್ ನಡೆಯುವಾಗ ಅಲ್ಲಿ ಏನೂ ಉಜ್ಜಬಾರದು, ಬಿಗಿ ಎಲಾಸ್ಟಿಕ್ ಕೂಡ ಬೇಡ. ಅಳತೆ ಕಳಿಸಿದರೆ ನಾನೇ ಎರಡು ಹೊಲಿಸಿ ಕಳಿಸುತ್ತೇನೆ.